ಬಿಳಿ ತಂತಿ ಮತ್ತು ಮೌಶಿಯ ಶರಬತ್ತು

ಮಳೆ ಕೈಕೊಟ್ಟ ಎರಡನೆಯ ವರ್ಷ ಅಪ್ಪ ಅವ್ವ ಕೆಲಸಕ್ಕೆಂದು ಪುಣೆಗೆ ಹೋದಾಗ, ನಾನು ಕಾಲೇಜು ಓದಲು ಭಾಲ್ಕಿಯ ಮೌಶಿಯ ಮನೆಯಲ್ಲಿ ಉಳಿದೆ. ಅವ್ವನ ತಂಗಿಯಾದ ಮೌಶಿಗೆ ಮಕ್ಕಳಿರಲಿಲ್ಲ. ನನ್ನ ಉಬ್ಬುಹಲ್ಲಿಗೆ ತಂತಿ ಹಾಕಿಸಲೇಬೇಕೆಂದು ಹಟ ಹಿಡಿದು ಬೀದರಿನ ಹಲ್ಲಿನ ಡಾಕ್ಟರಮ್ಮನ ಬಳಿ ಕರೆದೊಯ್ದವಳೂ ಅವಳೇ. ಎದ್ದು ಕಾಣಬಾರದೆಂದು ಹಲ್ಲಿನ ಬಣ್ಣದ ಲೇಪವಿದ್ದ ತಂತಿಯನ್ನೇ ಆರಿಸಿದೆವು.

ತಿಂಗಳು ತುಂಬುವುದರೊಳಗೆ ಲೇಪ ಅಲ್ಲಲ್ಲಿ ಕಿತ್ತುಹೋಗಿ ಒಳಗಿನ ಲೋಹ ಕಾಣತೊಡಗಿತು.

"ಹುಳಿ ಏನರ ಭಾಳ ತಗೋತೀರೇನ್ರಿ?" ಎಂದು ಡಾಕ್ಟರಮ್ಮ ಕೇಳಿದರು.

ನಾನು ತಲೆ ತಗ್ಗಿಸಿದೆ. ಬಿಸಿಲಲ್ಲಿ ದಣಿದು ಬರುತ್ತೇನೆಂದು ಮೌಶಿ ದಿನಕ್ಕೆ ಮೂರು ಸಲ ಲಿಂಬು ಶರಬತ್ತು ಮಾಡಿಕೊಡುತ್ತಿದ್ದಳು. ನಾನು ಅದನ್ನು ಗುಟುಕು ಗುಟುಕಾಗಿ ಹೀರುತ್ತ ಕೂರುತ್ತಿದ್ದೆ.

"ತಪ್ಪು ನಂದೇರಿ, ನಾನೇ ಕುಡಿಸೀನಿ," ಎಂದು ಮೌಶಿ ಅಳುಮುಖ ಮಾಡಿದಳು.

"ತಪ್ಪೇನಿಲ್ರಿ. ಬಾಯಾಗ ಹುಳಿ ಹೆಚ್ಚಾದ್ರ ಲೇಪ ಜಲ್ದಿ ಹೋಗ್ತದ. ಶರಬತ್ತು ಕಮ್ಮಿ ಮಾಡ್ರಿ, ಕುಡಿದ ಮ್ಯಾಲ ಬಾಯಿ ಮುಕ್ಕಳಿಸ್ಲಿ," ಎಂದು ಡಾಕ್ಟರಮ್ಮ ಹೊಸ ತಂತಿ ಹಾಕಿದರು.

ನಮ್ಮ ಓಣಿಗೆ ಆಗ ಟ್ಯಾಂಕರ್ ಬರುತ್ತಿದ್ದುದು ವಾರಕ್ಕೊಮ್ಮೆ. ಆದರೂ ಮರುದಿನದಿಂದ ಮೌಶಿ ನನಗಾಗಿ ಒಂದು ತಂಬಿಗೆ ನೀರು ಬೇರೆ ಮುಚ್ಚಿಡತೊಡಗಿದಳು. ನಾನು ಸಂಕೋಚದಿಂದ ಅರ್ಧ ಲೋಟದಲ್ಲೇ ಮುಗಿಸಿದರೆ ಗದರುತ್ತಿದ್ದಳು: "ಪೂರಾ ಮುಕ್ಕಳಿಸು ತಾಯಿ. ನನ್ನ ಸೀರಿ ನಾಡಿದ್ದ ಒಗದ್ರೂ ನಡೀತದ."

ಮುಂದಿನ ತಿಂಗಳು ಡಾಕ್ಟರಮ್ಮ ತಂತಿ ನೋಡಿ, "ಈ ಸಲ ಛಲೋ ಉಳದದ್ರಿ," ಎಂದರು. ವಾಪಸು ಬರುವಾಗ ಮೌಶಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತವರಿಗೆಲ್ಲ ನನ್ನ ಬಾಯಿ ತೆರೆಸಿ ತೋರಿಸಿದಳು. ನಾನು ನಾಚುತ್ತಲೇ ಭಾಲ್ಕಿಯವರೆಗೂ ಹಲ್ಲು ಕಿರಿದೆ.