ಲೈಟು ಉರೀತಿದೆಯಾ, ಹೋಗಿ ನೋಡಿ

"ಕೀಳ್ಲೇನೇ?"

"ತಡೀರಿ ಅತ್ತೆ... ಹ್ಞಾಂ, ಈಗ ಕೀಳಿ."

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸಿಯ ಪಕ್ಕ, ಮೂರು ಹಳೇ ಕಂಪ್ಯೂಟರುಗಳು ಗುಂಯ್‌ಗುಡುತ್ತಿವೆ. ಮಂಡಿನೋವಿನ ಅತ್ತೆ ಸ್ಟೂಲಿನ ಮೇಲೆ ಕೂತು ನಡುವಿನ ಯಂತ್ರದ ನೆಟ್‌ವರ್ಕ್ ವೈರನ್ನು ಕಳೆ ಕಿತ್ತ ಹಾಗೆ ಕೀಳುತ್ತಾರೆ. ಸೊಸೆ ಪರದೆಯಿಂದ ಕಣ್ಣು ತೆಗೆಯದೆ ಉಗುರು ಕಚ್ಚುತ್ತಾರೆ.

"ಉಗುರೆಲ್ಲಿದೆ ಇನ್ನು ಕಚ್ಚೋಕೆ? ಬೆರಳನ್ನೇ ತಿಂದ್ಬಿಡ್ತೀಯ," ಅತ್ತೆ ಗೊಣಗುತ್ತಾರೆ.

ಆಸ್ಪತ್ರೆ, ಬ್ಯಾಂಕು, ಟಿಕೆಟ್ ಕೌಂಟರು, ಎಲ್ಲದರ ಹಿಂದೆಯೂ ಇವತ್ತು ಒಂದೇ ಅಲ್ಲ, ಒಂದು ಹಿಂಡು ಕಂಪ್ಯೂಟರುಗಳಿರುತ್ತವೆ. ಯಾವ ಕೆಲಸ ಯಾವುದಕ್ಕೆ ಎಂದು ಹಂಚುವ ಸಾಫ್ಟ್‌ವೇರ್ ಒಂದಿದೆ, ಮೇಸ್ತ್ರಿ ಅನ್ನಿ. ಒಂದು ಯಂತ್ರ ಬಿದ್ದರೆ ಅದರ ಕೆಲಸವನ್ನೂ, ಹೊರಗೆ ಬೇರೆ ಪೆಟ್ಟಿಗೆಯಲ್ಲಿರುವ, ಮಾಹಿತಿ ತುಂಬಿದ ಅದರ ಡಿಸ್ಕನ್ನೂ ಮೇಸ್ತ್ರಿ ಇನ್ನೊಂದಕ್ಕೆ ದಾಟಿಸಬೇಕು. ಎಡವಟ್ಟಾಗುವುದೇ ಡಿಸ್ಕು ದಾಟಿಸುವಾಗ. ಈ ಮೇಸ್ತ್ರಿ ಯಾರಪ್ಪನ ಸೊತ್ತೂ ಅಲ್ಲ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಬಳಸುವವರು ಲೆಕ್ಕವಿಲ್ಲದಷ್ಟು. ಡಿಸ್ಕಿನ ಭಾಗದ ದೋಷ ತಿದ್ದುವವರು ಹೆಚ್ಚುಕಮ್ಮಿ ಈ ಸೊಸೆ ಒಬ್ಬರೇ. ಜೊತೆಯವರು ಇಟ್ಟ ಹೆಸರು 'ಡಿಸ್ಕಕ್ಕ'. ಬೆಳಗಿನ ಜಾವ ಈ ಕೆಲಸ. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಪ್ರಿಂಟರ್ ರಿಪೇರಿ, ಅದು ಹೊಟ್ಟೆಪಾಡು.

ಫೋನು ಬಡಿದುಕೊಳ್ಳುತ್ತದೆ. ರಕ್ತನಿಧಿಯೊಂದರ ಕಂಪ್ಯೂಟರ್ ನೋಡಿಕೊಳ್ಳುವಾತ. ಹಿಂದೊಮ್ಮೆ ಸಹಾಯ ಮಾಡಿದ ತಪ್ಪಿಗೆ ಆತನ ಬಳಿ ಇವರ ನಂಬರಿದೆ.

"ಮೇಡಂ, ಒಂದು ಯಂತ್ರ ಸತ್ತಿದೆ. ಹೊಸದಕ್ಕೆ ಡಿಸ್ಕ್ ಕೊಡ್ತಾನೇ ಇಲ್ಲ ನಿಮ್ಮ ಸಾಫ್ಟ್‌ವೇರು! 'ಕಾಯುತ್ತಿದೆ' ಅಂತ ತೋರಿಸ್ಕೊಂಡು ಕೂತಿದೆ. ಆಪರೇಷನ್‌ಗೆ ರಕ್ತ ಕೇಳ್ತಿದಾರೆ, ಪಟ್ಟಿ ತೆರೀತಿಲ್ಲ. ಬಲವಂತವಾಗಿ ಕಿತ್ತು ಕೊಡ್ಲಾ?"

"ಬೇಡ. ಸತ್ತಿದೆ ಅಂತ ಯಾರು ಹೇಳಿದ್ರು?"

"ಉತ್ತರ ಕೊಡ್ತಿಲ್ವಲ್ಲ!"

"ಉತ್ತರ ಕೊಡ್ದಿದ್ರೆ ಸತ್ತಂಗಾ? ಯಂತ್ರದ ಕೋಣೆಗೆ ಹೋಗಿ. ಲೈಟು ಉರೀತಿದೆಯಾ ನೋಡಿ."

ಆತ ಬೈದುಕೊಳ್ಳುತ್ತಾ ಮೆಟ್ಟಿಲಿಳಿಯುವ ಸದ್ದು.

"ಮಾತಾಡೋ ವೈರು ಬೇರೆ, ಡಿಸ್ಕಿಗೆ ಹೋಗೋ ವೈರು ಬೇರೆ," ಫೋನಿಗೆ ಅಂಗೈ ಅಡ್ಡ ಹಿಡಿದು ಸೊಸೆ ಅತ್ತೆಗೆ ವಿವರಿಸುತ್ತಾರೆ. "ಮಾತು ನಿಂತ್ರೂ ಬರೀತಾನೇ ಇರಬಹುದು. ಅದೇ ಡಿಸ್ಕನ್ನ ಇನ್ನೊಂದಕ್ಕೂ ಕೊಟ್ರೆ ಇಬ್ರೂ ಒಂದೇ ಹಾಳೆ ಮೇಲೆ ಗೀಚಿದಂಗೆ. ಆಮೇಲೆ ಯಾವ ಚೀಲದಲ್ಲಿ ಯಾವ ಗುಂಪಿನ ರಕ್ತ ಅಂತ ಆ ಪಟ್ಟಿ ನಂಬೋದು ಹೇಗೆ?"

ಮೊದಲು ಮೇಸ್ತ್ರಿ ಕಾಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಉತ್ತರ ಬರದಿದ್ದರೆ ಡಿಸ್ಕು ಕಿತ್ತು ದಾಟಿಸಿಬಿಡುತ್ತಿತ್ತು. ಯಂತ್ರ ನಿಜಕ್ಕೂ ಆಫ್ ಆಗಿದೆಯೆಂದು ಖಾತ್ರಿಯಾಗುವ ತನಕ ಕಾಯುವಂತೆ ತಿದ್ದಿದವರು ಇವರೇ. ಅಂದಿನಿಂದ ಬೈಗುಳದ ಸುರಿಮಳೆ. ನಿಧಾನವಂತೆ, ದಂಡವಂತೆ. ಕಟ್ಟಡದ ತುಂಬ ಇಂಜಿನಿಯರುಗಳನ್ನು ಕೂರಿಸಿಕೊಂಡ ಕಂಪನಿಗಳು, ಒಂದೇ ಒಂದು ಸಾಲು ತಿದ್ದಿಕೊಡದ ಕಂಪನಿಗಳು, ಈ ಅಡುಗೆಮನೆಗೆ ಗಡುವು ಕಳಿಸುತ್ತವೆ. ಗಡುವು! ಯಾವ ಮುಖ ಇಟ್ಟುಕೊಂಡು?

ಬೈಗುಳ ಇವರಿಗೆ ಅಭ್ಯಾಸವಾಗಿದೆ. ಕೊರೆಯುವುದು ಬೇರೆ. "ಇವತ್ತು ಅದು ನಿಜವಾಗ್ಲೂ ಸತ್ತೇ ಹೋಗಿದ್ರೆ? ನಾನು ಕಾಯಿಸಿದ್ದಕ್ಕೇ ಅಲ್ಲಿ ಯಾರಿಗಾದ್ರೂ..." ಅತ್ತೆ ಕಿತ್ತ ವೈರನ್ನು ಕೈಯಲ್ಲಿ ಹಿಡಿದೇ ಕೂತಿದ್ದಾರೆ.

"ಅಕ್ಕಾ."

ಮೇಡಂ ಹೋಗಿ ಅಕ್ಕ ಬಂದಿದೆ. ದನಿ ಇಳಿದಿದೆ.

"ಲೈಟು ಉರೀತಿದೆ ಅಕ್ಕಾ. ಡಿಸ್ಕಿನ ವೈರಿಂದು, ಪಟಪಟ ಮಿಟುಕ್ತಿದೆ. ನೆಟ್‌ವರ್ಕ್ ವೈರು ಸಿಕ್ಕಿಸೋ ಜಾಗ ಸುಟ್ಟು ಕಪ್ಪಾಗಿದೆ."

"ಹಾಗಾದ್ರೆ ಬರೀತಾ ಇದೆ. ಗಾಬರಿ ಬೇಡ. ಬಟನ್ ಒತ್ತಿ ಆಫ್ ಮಾಡಿ. ಲೈಟು ಪೂರ್ತಿ ಆರಲಿ. ಆರಿತಾ? ಈಗ ಮೇಲೆ ಹೋಗಿ, ಆಫ್ ಆಯ್ತು ಅಂತ ಮೇಸ್ತ್ರಿಗೆ ತಿಳಿಸಿ."

ಮತ್ತೆ ಮೆಟ್ಟಿಲು, ಈ ಸಲ ಓಟ. ಕೀಬೋರ್ಡಿನ ಟಕಟಕ. ಆಮೇಲೆ "ಬಂತು! ಪಟ್ಟಿ ಬಂತು!" ಎಂಬ ಕೂಗು. ಫೋನು ಕಟ್.

"ಥ್ಯಾಂಕ್ಸ್ ಅನ್ನೋಕೂ ಪುರುಸೊತ್ತಿಲ್ಲ ಪಾಪ," ಅತ್ತೆ ಮೂಗು ಮುರಿಯುತ್ತಾರೆ.

"ರಕ್ತ ಕಳಿಸೋಕೆ ಓಡಿರ್ತಾನೆ, ಬಿಡಿ ಅತ್ತೆ."

ಸೊಸೆ ಒಂದು ಲೋಟ ನೀರು ಗಟಗಟ ಕುಡಿಯುತ್ತಾರೆ. "ಯಂತ್ರ ಆಫ್ ಆಗಿದೆಯಾ ಅಂತ ಮೇಸ್ತ್ರಿನೇ ಕರೆಂಟಿನ ಸ್ವಿಚ್ಚನ್ನ ಕೇಳಿ ತಿಳ್ಕೊಳೋ ಹಾಗೆ ಮಾಡ್ಬೇಕು. ಯಾರೂ ಮೆಟ್ಟಿಲು ಇಳಿಯೋ ಹಾಗಿರಬಾರ್ದು. ಅಷ್ಟಾದ್ರೆ ಸಾಕು ನಂಗೆ. ಅದಕ್ಕೇ ಬೆಳಗ್ಗೆ ಬೆಳಗ್ಗೆ ಈ ವೈರು ಕೀಳೋ ಗೋಳು. ಇನ್ನೂ ಕೈಗೆ ಹತ್ತಿಲ್ಲ."

ಅತ್ತೆಗೆ ಕೈಯಲ್ಲಿರುವ ವೈರು ಆಗ ನೆನಪಾಗುತ್ತದೆ.

"ಅಯ್ಯೋ, ಇದನ್ನ ಕಿತ್ತು ಎಷ್ಟೊತ್ತಾಯ್ತು! ಏನ್ಮಾಡ್ತಿದೆ ನೋಡೇ ನಿನ್ನ ಮೇಸ್ತ್ರಿ."

ಸೊಸೆ ಪರದೆಯತ್ತ ಬಾಗುತ್ತಾರೆ. ಈ ಸಲ ಬೆರಳು ಬಾಯಿಗೆ ಹೋಗುವುದಿಲ್ಲ.

"ಕಾಯ್ತಾ ಇದೆ, ಅತ್ತೆ."

"ಇಷ್ಟೊತ್ತೂ?"

"ಇಷ್ಟೊತ್ತೂ. ನಾನೇ ಕಲಿಸಿದ್ದು."