ಯಾರದ್ದೂ ಹೇಳದ ಡಾಕ್ಟರು

ಮೆಟ್ಟುಗತ್ತಿಯ ಮುಂದೆ ಕೂತು ಬಸಳೆ ಸೊಪ್ಪು ಹೆಚ್ಚುತ್ತಿದ್ದಾಗ ಫೋನು ಟಿಂಗ್ ಎಂದಿತು. ನಮ್ಮ ಕುಟುಂಬದ ವಾಟ್ಸ್ಯಾಪ್ ಗ್ರೂಪಿನಲ್ಲಿ ಬೆಳಗಿನ ಆ ಹೊತ್ತಿಗೆ ಬರುವುದು ಒಂದು ಗುಲಾಬಿ ಹೂವು, ಒಬ್ಬ ದೇವರು ಮತ್ತು ನಮ್ಮ ಭಾವನವರ ಶುಗರ್ ಎಷ್ಟಿದೆ ಎಂಬ ವರದಿ. ಭಾವ ಎಂದರೆ ನನ್ನ ಅಕ್ಕನ ಗಂಡ, ಸಾಗರದಲ್ಲಿ ಮನೆ ಮಾಡಿದ್ದಾರೆ. ಒಳ್ಳೆಯವರು, ಬಾಯಿಗೆ ಮಾತ್ರ ಚಿಲಕವಿಲ್ಲ. ಅಂದು ಹೂವೂ ಇಲ್ಲ, ದೇವರೂ ಇಲ್ಲ. ತಮ್ಮ ಸೊಸೆ ರಶ್ಮಿಯ ಸ್ಕ್ಯಾನಿಂಗ್ ರಿಪೋರ್ಟಿನ ಫೋಟೊ ಹಾಕಿ, ಕೆಳಗೆ, ‘ನಮ್ಮ ರಶ್ಮಿಯದು. ಎಲ್ಲರೂ ದೇವರಲ್ಲಿ ಕೇಳಿಕೊಳ್ಳಿ. ಒಳ್ಳೆ ಡಾಕ್ಟರು ಗೊತ್ತಿದ್ದರೆ ತಿಳಿಸಿ’ ಎಂದು ಬರೆದು ಸಾಲಾಗಿ ಕೈಮುಗಿದಿದ್ದರು.

ರಿಪೋರ್ಟಿನಲ್ಲಿ ಏನಿತ್ತು ಎಂದು ನೀವು ಕೇಳುತ್ತೀರಿ. ಕೇಳಿ, ತಪ್ಪಿಲ್ಲ. ಹೇಳುವುದಿಲ್ಲ. ನಾನಂತೂ ಕಣ್ಣು ಓಡಿಸಿ ಅರ್ಧ ಓದಿಯೇಬಿಟ್ಟಿದ್ದೆ. ಅಷ್ಟರಲ್ಲಿ ಒಬ್ಬರು ಕಷಾಯ ಹೇಳಿದರು, ಇನ್ನೊಬ್ಬರು ಹರಕೆ ಹೇಳಿದರು, ಮತ್ತೊಬ್ಬರು ‘ನಮ್ಮ ಪಕ್ಕದ ಮನೆಯವಳಿಗೂ ಹಿಂಗೇ ಆಗಿತ್ತು, ಪಾಪ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದರು. ಆ ‘ಪಾಪ’ದ ನಂತರ ಪಕ್ಕದ ಮನೆಯವಳ ಗತಿ ಏನಾಯಿತೋ ದೇವರೇ ಬಲ್ಲ. ಸ್ವಲ್ಪ ಹೊತ್ತಿಗೆ ರಶ್ಮಿಯಿಂದ ನನಗೊಬ್ಬಳಿಗೇ ಒಂದು ಮೆಸೇಜು ಬಂತು. ‘ಚಿಕ್ಕಮ್ಮ, ನೀವೂ ನೋಡಿದ್ರಾ?’

ಫೋನನ್ನು ಬೋರಲು ಹಾಕಿ ಮತ್ತೆ ಸೊಪ್ಪಿಗೆ ಕೈಹಾಕಿದೆ.

ನಮ್ಮ ಕಡೆ ಇನ್ನೊಬ್ಬರ ಕಾಯಿಲೆ ವಿಚಾರಿಸುವುದನ್ನು ಪ್ರೀತಿ ಎಂದೇ ತಿಳಿದಿದ್ದೇವೆ. ನಂಬಿಕೆಯಿಲ್ಲದಿದ್ದರೆ ಒಂದು ಎಕ್ಸ್‌ರೇ ಕವರು ಹಿಡಿದುಕೊಂಡು ಸಾಗರದಲ್ಲಿ ಹೊಸನಗರದ ಬಸ್ಸು ಹತ್ತಿ ನೋಡಿ. ಆ ಕವರನ್ನು ಯಾವ ಚೀಲದಲ್ಲೂ ಹಿಡಿಸದಷ್ಟು ದೊಡ್ಡದಾಗಿ ಯಾಕೆ ಮಾಡುತ್ತಾರೋ. ‘ಎಂತ ಮಾರಾಯ್ರೆ, ಯಾರಿಗೆ?’ ಎಂದು ಶುರುವಾಗುತ್ತದೆ. ಆಮೇಲೆ ‘ಎಲ್ಲಿ, ಕೊಡಿ ನೋಡನ’ ಎನ್ನುತ್ತಾರೆ. ಫಿಲ್ಮು ಹೊರಬಂದು ಕಿಟಕಿಯ ಬೆಳಕಿಗೆ ಏರುತ್ತದೆ. ಒಮ್ಮೆ ನನ್ನ ಮಂಡಿ, ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ಬರುವುದರೊಳಗೆ ಇಡೀ ಬಸ್ಸು ಸುತ್ತಿ ಬಂದು, ಆಪರೇಷನ್ ಬೇಕೇಬೇಕೆಂದು ಬಹುಮತದಿಂದ ತೀರ್ಮಾನವಾಯಿತು. ಡ್ರೈವರೊಬ್ಬನನ್ನು ಕೇಳಲಿಲ್ಲ, ಪುಣ್ಯ. ನಾನೂ ಅಂಥದೇ ಬಸ್ಸಿನವಳು. ಎಷ್ಟು ಜನರ ಮೂಳೆಗಳನ್ನು ಬೆಳಕಿಗೆ ಹಿಡಿದಿದ್ದೇನೋ.

ಇಂಥ ಊರಿನಲ್ಲಿ, ನಾನು ಮದುವೆಯ ವಯಸ್ಸಿನಲ್ಲಿದ್ದಾಗ, ಒಬ್ಬ ಡಾಕ್ಟರಿದ್ದರು. ಹೊಸನಗರದ ಪೇಟೆಯಲ್ಲಿ ಅವರ ಷಾಪು. ಕ್ಲಿನಿಕ್ ಎನ್ನುವ ಮಾತು ಆಗ ನಮ್ಮ ನಾಲಿಗೆಗೆ ಬಂದಿರಲಿಲ್ಲ. ಹುಲಿಕಲ್ ಘಾಟಿ ಹತ್ತಿ ಬರುವ ರೋಗಿಗಳೂ ಇದ್ದರು. ಔಷಧ ಬಲ್ಲವರು, ಕೈಗುಣವಿದ್ದವರು. ಆದರೆ ಹರಟೆಗೆ ಸುತರಾಂ ಪ್ರಯೋಜನವಿಲ್ಲ. ‘ನಿನ್ನೆ ನಮ್ಮೂರಿನ ಇಂಥವ್ರು ಬಂದಿದ್ರಂತಲ್ಲ, ಹೆಂಗಿದಾರೆ?’ ಎಂದು ಕೇಳಿದರೆ, ‘ನಿಮ್ಮ ನಾಲಿಗೆ ತೋರಿಸಿ’ ಎನ್ನುತ್ತಿದ್ದರು. ಜನ ಅದನ್ನು ಗತ್ತು ಎಂದುಕೊಂಡಿದ್ದರು.

ಆ ವರ್ಷ ನನಗೆ ತೀರ್ಥಹಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಮೇಷ್ಟ್ರು. ನೋಡಲು ಬಂದಾಗ ಉಪ್ಪಿಟ್ಟಿನಲ್ಲಿ ಸಿಕ್ಕಿದ ಕಲ್ಲನ್ನು ಯಾರಿಗೂ ಕಾಣದಂತೆ ತಟ್ಟೆಯ ಅಂಚಿನಡಿ ಸರಿಸಿಟ್ಟಿದ್ದ. ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಆ ಹುಡುಗ ನನಗೆ ಇಷ್ಟವಾಗಿದ್ದ, ಸುಳ್ಳು ಯಾಕೆ ಹೇಳಲಿ. ಎರಡೂ ಕಡೆಯವರು ಒಪ್ಪಿದರು. ಮಾತು ಮುಗಿಸುವ ಮೊದಲು ಗಂಡಿನ ಕಡೆಯವರು ಹೆಣ್ಣಿನ ಊರಿನಲ್ಲಿ ಸದ್ದಿಲ್ಲದೆ ವಿಚಾರಿಸುವುದು ರೂಢಿ. ಅಂಗಡಿಯವರನ್ನು ಕೇಳುತ್ತಾರೆ, ಶಾಲೆಯ ಮೇಷ್ಟ್ರನ್ನು ಕೇಳುತ್ತಾರೆ, ಕೊನೆಗೆ ಡಾಕ್ಟರನ್ನು ಕೇಳುತ್ತಾರೆ.

ಹುಡುಗನ ಸೋದರಮಾವ ಬಂದು ರೋಗಿಗಳ ಸಾಲಿನಲ್ಲಿ ಕೂತು, ತಮ್ಮ ಸರದಿ ಬಂದಾಗ ಇಲ್ಲದ ಸೊಂಟನೋವು ಹೇಳಿಕೊಂಡು, ಇಂಜೆಕ್ಷನ್ನನ್ನೂ ಹಾಕಿಸಿಕೊಂಡು, ಅಂಗಿ ಸರಿಮಾಡಿಕೊಳ್ಳುತ್ತಾ ನನ್ನ ವಿಷಯ ತೆಗೆದರಂತೆ. ‘ಆ ಹುಡುಗಿಗೆ ಎಂತಾದ್ರೂ ಕಾಯಿಲೆ ಗೀಯಿಲೆ ಇದ್ಯಾ ಡಾಕ್ಟ್ರೆ?’

‘ನನ್ನ ಹತ್ತಿರ ಬರೋ ಯಾರ ವಿಷಯಾನೂ ನಾನು ಹೇಳೋದಿಲ್ಲ.’

‘ಇಲ್ಲ ಅಂದ್ರೆ ಇಲ್ಲ ಅನ್ನಿ, ಸಾಕು.’

‘ಅದನ್ನೂ ಹೇಳೋದಿಲ್ಲ.’

ನನ್ನ ಜೀವಮಾನದ ಕಾಯಿಲೆಗಳಲ್ಲಿ ಹಲಸಿನ ಹಣ್ಣು ತಿಂದು ಕೆಟ್ಟ ಹೊಟ್ಟೆಯೇ ಎಲ್ಲಕ್ಕಿಂತ ದೊಡ್ಡದು. ಸೋದರಮಾವ ಮಾತ್ರ ಸೊಂಟ ನೀವಿಕೊಳ್ಳುತ್ತಾ ತೀರ್ಥಹಳ್ಳಿಗೆ ಹೋಗಿ, ‘ಏನೋ ಇದೆ, ಡಾಕ್ಟ್ರು ಬಾಯೇ ಬಿಡ್ಲಿಲ್ಲ’ ಎಂದರು. ಸಂಬಂಧ ಮುರಿಯಿತು.

ಅಪ್ಪಯ್ಯ ಉರಿದುಬಿದ್ದರು. ನನ್ನನ್ನು ಕರೆದುಕೊಂಡೇ ಷಾಪಿಗೆ ಹೋದರು. ‘ಒಂದು ಮಾತು ಹೇಳಿದ್ರೆ ನಿಮ್ಮ ಗಂಟೆಂತ ಹೋಗ್ತಿತ್ತು? ನಮ್ಮ ಹುಡುಗಿ ಕಲ್ಲುಗುಂಡಿನಂಗಿದಾಳೆ!’ ಮದುವೆಗೆ ಬಂದ ಹೆಣ್ಣಿಗೆ ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ಯೋಚಿಸುತ್ತಿದ್ದೆ. ಡಾಕ್ಟರು ಅಪ್ಪಯ್ಯನನ್ನು ಬಿಟ್ಟು ನನ್ನ ಕಡೆ ತಿರುಗಿದರು.

‘ನೀನು ಕೇಳಿದ್ರೆ ನಿನ್ನ ಕೈಗೆ ಬರೆದುಕೊಡ್ತೀನಮ್ಮ. ಅದು ನಿಂದು. ಯಾರಿಗೆ ತೋರಿಸ್ತೀಯೋ, ಬಿಡ್ತೀಯೋ, ನಿನ್ನಿಷ್ಟ.’

‘ನಾನೆಂತ ಎತ್ತಾ, ಹಲ್ಲು ಎಣಿಸಿ ತೋರ್ಸಕ್ಕೆ? ನಂಗೆ ಬ್ಯಾಡ!’ ಎಂದು ಹೊರಗೆ ಬಂದುಬಿಟ್ಟೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಕನ್ನಡಕವೂ ಅಲ್ಲೇ ಇರುವುದರಿಂದ ಜಾಗ ಸ್ವಲ್ಪ ಕಡಿಮೆಯಾಗಿದೆ. ಆ ರಾತ್ರಿ ಅತ್ತುಬಿಟ್ಟೆ. ಮುಂದೆ ಬೇರೆ ಕಡೆ ಮದುವೆಯಾಯಿತು. ಸಿಕ್ಕಿದವರ ಬಗ್ಗೆ ನನ್ನ ದೂರಿಲ್ಲ. ಅವರು ಇದನ್ನು ಓದುತ್ತಾರೆ ಎನ್ನುವ ಕಾರಣಕ್ಕೆ ಹೇಳುತ್ತಿರುವುದಲ್ಲ. ಡಾಕ್ಟರ ಮೇಲಿನ ಸಿಟ್ಟು ಮಾತ್ರ ಇಳಿದಿರಲಿಲ್ಲ.

ಅದು ಇಳಿದದ್ದು ಬ್ಯಾಕೋಡಿನಲ್ಲಿ. ನನ್ನ ಹೈಸ್ಕೂಲಿನ ಗೆಳತಿ ವನಜಳನ್ನು ಕೊಟ್ಟಿದ್ದು ಅಲ್ಲಿಗೆ. ಸೇತುವೆ ಇಲ್ಲದ ಕಾಲ, ಲಾಂಚಿನಲ್ಲಿ ಹೊಳೆ ದಾಟಿ ಒಮ್ಮೆ ಅವಳ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಚಾಪೆಯ ಮೇಲೆ ಅಡ್ಡಾಗಿ ಹಳೆಯದನ್ನೆಲ್ಲ ತೆಗೆದು ನಗುತ್ತಿದ್ದೆವು. ನಾನು ಡಾಕ್ಟರನ್ನು ಬಯ್ಯತೊಡಗಿದೆ. ವನಜ ನಗು ನಿಲ್ಲಿಸಿ ಎದ್ದು ಕೂತಳು.

‘ಅವ್ರನ್ನ ಬೈಬೇಡ್ವೇ. ನಂಗೆ ಫಿಟ್ಸ್ ಬರ್ತಿತ್ತು, ಗೊತ್ತಾ ನಿಂಗೆ?’

ಗೊತ್ತಿರಲಿಲ್ಲ. ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ತಿಂದವಳು ನಾನು.

‘ಅಮ್ಮ ಅವ್ರ ಹತ್ರನೇ ಕರ್ಕೊಂಡು ಹೋಗ್ತಿದ್ಲು. ನಿನ್ನ ಸಂಬಂಧ ತಪ್ಪಿದ ಮೇಲೆ, ಆ ಡಾಕ್ಟ್ರು ಯಾರದ್ದೂ ಹೇಳಲ್ಲ ಅಂತ ಊರಿಗೆಲ್ಲ ಗೊತ್ತಾತು ನೋಡು. ನನ್ನ ನೋಡಕ್ಕೆ ಬಂದೋರು ಅವ್ರನ್ನ ಕೇಳಕ್ಕೇ ಹೋಗ್ಲಿಲ್ಲ. ನಿಂದು ಚಲೋ ಇದೆ ಅಂತ ಅವತ್ತು ಹೇಳಿದ್ರೆ, ನಂದು ಹೇಳಲ್ಲ ಅಂದಾಗ ಎಲ್ರಿಗೂ ಅರ್ಥ ಆಗೋಗ್ತಿತ್ತು.’

ಕೇಳಬಾರದಿತ್ತೇನೋ, ಆದರೂ ಕೇಳಿದೆ. ‘ಹಂಗಾದ್ರೆ ನಿನ್ನ ಗಂಡಂಗೆ?’

‘ಇವ್ರಿಗೆ ನಾನೇ ಹೇಳಿದ್ನಲ್ಲೇ. ನೋಡಕ್ಕೆ ಬಂದ ದಿನನೇ, ಹಿತ್ಲಲ್ಲಿ ಕೈ ತೊಳಿಯಕ್ಕೆ ನೀರು ಕೊಡ್ತಾ ಹೇಳ್ದೆ. ಇವ್ರು, ಮಾತ್ರೆ ತಗಳದು ಬೆಳಿಗ್ಗೆನಾ ರಾತ್ರಿನಾ ಅಂತ ಕೇಳಿದ್ರು. ಅಷ್ಟೆ.’ ಅವಳ ಕಣ್ಣು ತುಂಬಿತ್ತು. ‘ಬೇರೆ ಯಾರೋ ಮೊದ್ಲೇ ಹೇಳಿದ್ರೆ ಇವ್ರು ಬರ್ತಾನೇ ಇರ್ಲಿಲ್ಲ. ನಾನು ಹೇಳಿದ್ದಕ್ಕೆ ನನ್ನ ಮುಖ ನೋಡಿದ್ರು.’

ನನ್ನ ಮುರಿದ ಸಂಬಂಧದ ಮರೆಯಲ್ಲಿ ವನಜ ಸಂಸಾರ ಕಟ್ಟಿಕೊಂಡಿದ್ದಳು. ನನ್ನ ಆರೋಗ್ಯವನ್ನು ಮುಚ್ಚಿಡದೆ ಅವಳ ಕಾಯಿಲೆಯನ್ನು ಕಾಯಲು ಬರುವುದಿಲ್ಲ ಎಂದು ಆ ಡಾಕ್ಟರಿಗೆ ತಿಳಿದಿತ್ತು. ಅವರು ಈಗಿಲ್ಲ.

ಬಸಳೆ ಹೆಚ್ಚಿ ಮುಗಿದಿತ್ತು. ಫೋನು ತೆಗೆದುಕೊಂಡೆ. ಆ ಗ್ರೂಪಿಗೆ ನಾನೇ ಅಡ್ಮಿನ್. ಮಗಳು ಗ್ರೂಪು ಮಾಡಿ ನನ್ನ ತಲೆಗೆ ಕಟ್ಟಿ ಹೋಗಿದ್ದಾಳೆ. ರಿಪೋರ್ಟನ್ನು ಅಳಿಸಿದೆ. ಅಡ್ಮಿನ್ ಅಳಿಸಿದ್ದಾರೆ ಎಂಬ ಗುರುತು ಮಾತ್ರ ಅಲ್ಲೇ ಉಳಿಯಿತು. ತಕ್ಷಣ ಪ್ರಶ್ನೆಗಳು ಶುರುವಾದವು. ಏನಿತ್ತು? ಅಷ್ಟು ಸೀರಿಯಸ್ಸಾ? ಸೋದರಮಾವನ ಸಂತತಿ ನಮ್ಮಲ್ಲೇನು ಕಡಿಮೆಯಿಲ್ಲ. ಸರಿ, ಭಾವನವರ ಶುಗರನ್ನೂ ಅಳಿಸಿದೆ. ಚಿಕ್ಕಪ್ಪನ ಹಲ್ಲುನೋವು, ಅತ್ತಿಗೆಯ ಥೈರಾಯ್ಡು, ನಾನೇ ಹಾಕಿದ್ದ ನನ್ನ ಕೆಮ್ಮು, ಕೈಗೆ ಸಿಕ್ಕಿದ್ದೆಲ್ಲ ಹೋಯಿತು. ‘ಇನ್ನು ಈ ಗ್ರೂಪಿನಲ್ಲಿ ಯಾರ ಕಾಯಿಲೆಯೂ ಬೇಡ, ನೆಗಡಿಯೂ ಬೇಡ. ಅವರವರದ್ದು ಅವರವರೇ ಬೇಕಾದವರಿಗೆ ಹೇಳಿಕೊಳ್ಳಲಿ’ ಎಂದು ಬರೆದೆ. ಆಮೇಲೆ ರಶ್ಮಿಗೆ ಬರೆದೆ: ‘ಅರ್ಧ ನೋಡಿದೆ ಮಗಾ. ಉಳಿದದ್ದು ನೀನಾಗಿ ಹೇಳಿದ್ರೆ ಕೇಳ್ತೀನಿ, ಹೇಳದಿದ್ರೂ ಬೇಜಾರಿಲ್ಲ.’

‘ಇವತ್ತು ಬೇಡ ಚಿಕ್ಕಮ್ಮ’ ಎಂದು ಉತ್ತರ ಬಂತು.

ಮಧ್ಯಾಹ್ನ ಭಾವ ಫೋನು ಮಾಡಿದರು. ‘ಎಂತ ಮಾರಾಯ್ತಿ ಇದು? ನಾನೆಂತ ಕೆಟ್ಟದ್ದು ಮಾಡಿದ್ನಾ? ಹೆದ್ರಿಕೆ ಆತು, ಹಾಕ್ದೆ. ಎಲ್ಲ ನಮ್ಮೋರೇ ಅಲ್ವಾ?’

‘ಹಾಕೋ ಮುಂಚೆ ರಶ್ಮಿನ ಕೇಳಿದ್ರಾ ಭಾವ?’

‘ಕೇಳದೆಂತದು, ನಮ್ಮ ಸೊಸೆ…’ ಎಂದವರು ಅಲ್ಲಿಗೇ ನಿಂತರು. ಅವರ ಮೇಲೆ ಸಿಟ್ಟು ಬರಲಿಲ್ಲ. ಹೆದರಿಕೆಯನ್ನು ಎಲ್ಲಿ ಇಳಿಸಬೇಕೆಂದು ಗೊತ್ತಾಗದೆ ಗ್ರೂಪಿನಲ್ಲಿ ಇಳಿಸಿದ್ದರು, ಅಷ್ಟೆ. ನಾನು ಡಾಕ್ಟರ ಕತೆ ಹೇಳಿದೆ. ವನಜಳ ಹೆಸರು ಹೇಳಲಿಲ್ಲ. ಇಲ್ಲಿ ಬರೆದಿರುವುದೂ ಅವಳ ನಿಜವಾದ ಹೆಸರಲ್ಲ, ಅವಳನ್ನು ಕೇಳಿಯೇ ಬರೆದಿದ್ದೇನೆ. ರಶ್ಮಿಯನ್ನೂ ಭಾವನನ್ನೂ ಕೇಳಿದ್ದೇನೆ. ಭಾವ ಎಲ್ಲವನ್ನೂ ಕೇಳಿಸಿಕೊಂಡರು.

‘ಹಂಗಾದ್ರೆ ಯಾರು ಕೇಳಿದ್ರೂ ನೀನು ಹೇಳಲ್ವಾ?’

‘ಹೇಳಲ್ಲ.’

‘ನಂದೂ?’

‘ನಿಮ್ದೂ ಹೇಳಲ್ಲ.’

‘ನಿಮ್ಮಕ್ಕ ಕೇಳಿದ್ರೂ?’

‘ಅಕ್ಕ ಕೇಳಿದ್ರೂ ಹೇಳಲ್ಲ, ಭಾವ.’

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಅವರು ಎದ್ದು ಅಂಗಳಕ್ಕೆ ಬಂದರೆಂದು ಕಾಣುತ್ತದೆ, ರಸ್ತೆಯ ಗದ್ದಲ ಕೇಳತೊಡಗಿತು. ಮತ್ತೆ ಮಾತನಾಡಿದಾಗ ಅವರ ದನಿ ನನಗೆ ಗುರುತೇ ಸಿಗದಷ್ಟು ಸಣ್ಣದಾಗಿತ್ತು.

‘ಹಂಗಾದ್ರೆ ಒಂದು ವಿಷಯ ಇತ್ತು ಕಣೇ. ಇನ್ನೂ ಯಾರ ಹತ್ರನೂ ಹೇಳಿಲ್ಲ.’

ನಾನು ಗ್ಯಾಸು ಆರಿಸಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಕೂತೆ.

‘ಹೇಳಿ ಭಾವ’ ಎಂದೆ.