ಆಚಾರ್ರನ್ನು ಕರೆಯುತ್ತಿದ್ದ ಮೆಷಿನ್

ಮೊನ್ನೆ ರವಿಕೆಗೆ ಹುಕ್ಕು ಹುಡುಕುತ್ತಾ ಮೇಜಿನ ಖಾನೆಯನ್ನು ಪೂರ್ತಿ ಎಳೆದಾಗ ಹಿಂದಿನ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಅಂಗೈಯಷ್ಟು ದೊಡ್ಡದು. ಮೇಲೆ ನನಗೆ ಓದಲು ಬಾರದ ಯಾವುದೋ ದೇಶದ ಅಕ್ಷರ. ಮುಚ್ಚಳ ಎತ್ತಿದೆ. ಹೊಸ ರಬ್ಬರಿನ ವಾಸನೆ ಬಂತು... ಅದರ ಬೆನ್ನಿಗೇ ಹಲಸಿನ ಮರ ಕೊಯ್ದ ವಾಸನೆ. ಪೆಟ್ಟಿಗೆಯಲ್ಲಿ ಮರದ ಹೊಟ್ಟಿನ ಒಂದು ಕಣವೂ ಇರಲಿಲ್ಲ. ಗಡಬಡಿಸಿ ಮುಚ್ಚಿಬಿಟ್ಟೆ.

ಕಮ್ಮರಡಿಯಲ್ಲಿ ನನ್ನ ಟೈಲರಿಂಗ್ ಅಂಗಡಿಗೂ ಆಚಾರ್ರ ಮರಗೆಲಸದ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಒಳ್ಳೆಯ ಕೆಲಸಗಾರರು, ಅದಕ್ಕಿಂತ ಒಳ್ಳೆಯ ಮಾತುಗಾರರು. ತಮ್ಮ ಕೈಗಿಂತ ತಮ್ಮ ಬುದ್ಧಿಯ ಮೇಲೆ ಅವರಿಗೆ ಅಭಿಮಾನ ಹೆಚ್ಚು. ಮೊಬೈಲ್ ಕೈಗೆ ಬಂದ ಮೇಲೆ ಹಗಲೂ ರಾತ್ರಿ ಹೊರದೇಶದ ಬಡಗಿಗಳ ವಿಡಿಯೋ ನೋಡುತ್ತಿದ್ದರು. ಕೊನೆಗೊಂದು ದಿನ ಅಂಥದ್ದೇ ಮರ ಸೀಳುವ ಮೆಷಿನನ್ನು ಅಲ್ಲಿಂದಲೇ ತರಿಸುತ್ತೇನೆ ಎಂದು ಹೊರಟರು.

"ಇಲ್ಲಿ ತಗಳದಕ್ಕಿಂತ ಅರ್ಧಕ್ಕೆ ಸಿಗ್ತದೆ ಮಾರಾಯ್ತಿ" ಎಂದಿದ್ದರು.

ಆ ಅರ್ಧದ ಹಿಂದೆ ಉಳಿದದ್ದೆಲ್ಲ ಒಂದೊಂದಾಗಿ ಬಂತು. ಹಡಗಿನ ಬಾಡಿಗೆ, ಸುಂಕ, ಬಂದರಿನಲ್ಲಿ ಬಿದ್ದುಕೊಂಡಿದ್ದಕ್ಕೆ ಮತ್ತೊಂದು ಬಾಡಿಗೆ, ಘಟ್ಟ ಹತ್ತಿಸಿದ ಲಾರಿ. ಅಷ್ಟಾಗಿ ಬಂದ ಮೆಷಿನಿಗೆ ನಮ್ಮ ಕರೆಂಟು ಹಿಡಿಸಲಿಲ್ಲ. ಅದರ ದೇಶದಲ್ಲಿ ಕರೆಂಟಿನ ವೋಲ್ಟೇಜು ನಮ್ಮ ಅರ್ಧದಷ್ಟಂತೆ. ಅದು ಗೊತ್ತಿಲ್ಲದೆ ಆಚಾರ್ರು ನೇರ ಲೈನಿಗೆ ಕೊಟ್ಟು ಹಸಿರು ಗುಂಡಿ ಒತ್ತಿದರು. ಫಟ್ ಎಂದು ಸ್ವಿಚ್ಚು ಸುಟ್ಟಿತು, ಪುಣ್ಯಕ್ಕೆ ಮೋಟರು ಉಳಿಯಿತು. ಆಮೇಲೆ ವೋಲ್ಟೇಜ್ ಇಳಿಸುವ ದೊಡ್ಡ ಟ್ರಾನ್ಸ್‌ಫಾರ್ಮರ್ ತಂದು ನಮ್ಮಿಬ್ಬರ ಗೋಡೆಗೆ ತಾಗಿಸಿ ಇಟ್ಟರು. ಸುಟ್ಟ ಸ್ವಿಚ್ಚು ಮಾತ್ರ ಕೊಪ್ಪದಲ್ಲೂ ಸಿಗಲಿಲ್ಲ, ಶಿವಮೊಗ್ಗದಲ್ಲೂ ಸಿಗಲಿಲ್ಲ. ಅದೊಂದಕ್ಕೆ ಮತ್ತೆ ಹೊರದೇಶಕ್ಕೇ ಆರ್ಡರ್ ಹಾಕಿದರು. ಅದೂ ಎಲ್ಲೋ ಸುಂಕದವರ ಹತ್ತಿರ ಸಿಕ್ಕಿಕೊಂಡಿತು.

ಆ ಸ್ವಿಚ್ಚಿಗೆ ಒಂದು ಗುಣವಿತ್ತು. ಕರೆಂಟು ಹೋದರೆ ಅದು ತಾನೇ ಆಫ್ ಆಗುತ್ತದೆ. ಮತ್ತೆ ಕರೆಂಟು ಬಂದರೂ ಯಾರಾದರೂ ಕೈಯಾರೆ ಒತ್ತುವ ತನಕ ಮೆಷಿನ್ ಮಿಸುಕುವುದಿಲ್ಲ. ಅದು ಬರುವ ತನಕ ಇರಲಿ ಎಂದು ಆಚಾರ್ರು ಪಂಪ್‌ಸೆಟ್ಟಿಗೆ ಹಾಕುವಂಥ ಹಿಡಿ ಇರುವ ಮೈನ್ ಸ್ವಿಚ್ಚನ್ನು ಜೋಡಿಸಿದರು. ಅದಕ್ಕೆ ಈ ಗುಣವಿರಲಿಲ್ಲ.

ನಮ್ಮ ಕಡೆ ಕರೆಂಟು ಹೋದಾಗ ಒಂದು ಬಲ್ಬನ್ನು ಆನ್ ಮಾಡಿಯೇ ಬಿಡುವುದು ಎಲ್ಲರ ರೂಢಿ. ಬಂದದ್ದು ಗೊತ್ತಾಗಲಿ ಎಂದು. ಆಚಾರ್ರು ಬಲ್ಬಿನ ಬದಲು ಮೆಷಿನನ್ನೇ ಹಾಗೆ ಬಿಡತೊಡಗಿದರು. ಬಾಗಿಲು ಎಳೆದುಕೊಂಡು ಎದುರಿನ ಭಟ್ರ ಹೋಟೆಲಿನ ಬೆಂಚಿನಲ್ಲಿ ಕೂರುವರು. ಕರೆಂಟು ಬಂದರೆ ರಸ್ತೆಯಾಚೆಗೂ ಅದರ ಸದ್ದು ಕೇಳುತ್ತಿತ್ತು.

"ಆಫ್ ಮಾಡಿ ಹೋಗಿ ಆಚಾರ್ರೇ, ನಂಗೆ ಹೆದ್ರಿಕೆ ಆಗ್ತದೆ" ಎಂದು ನಾನು ಎಷ್ಟು ಸಲ ಹೇಳಿದ್ದೆನೋ.

"ಎಂತ ಹೆದ್ರಿಕೆ ಮಾರಾಯ್ತಿ? ಕರೆಂಟು ಬಂದ್ರೆ ಅದೇ ನನ್ನ ಕರೀತದೆ" ಎಂದು ನಗುವರು.

ಹೆದರಿಕೆ ಅವರಿಗೇನು ಗೊತ್ತು, ಗೋಡೆಯ ಈಚೆ ಇದ್ದವಳು ನಾನು. ಫ್ಯಾನು ನಿಂತು ಇಡೀ ಪೇಟೆ ಸದ್ದಿಲ್ಲದೆ ಕೂತಿರುವಾಗ ಮೊದಲು ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುವುದು. ಗೋಡೆಗೆ ತಾಗಿದ ನನ್ನ ಮೇಜಿನ ಮೇಲೆ ಕತ್ತರಿ ನಡುಗುವುದು. ಆಮೇಲೆ ಆ ಖಾಲಿ ಅಂಗಡಿಯೊಳಗೆ ಬ್ಲೇಡು ಕಿರುಚುತ್ತಾ ಏಳುವುದು. ಒಮ್ಮೆ ಅಳತೆ ಕೊಡಲು ಬಂದಿದ್ದ ಹೆಂಗಸೊಬ್ಬಳು "ಒಳಗೆ ಯಾರಿದಾರೆ?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಆಕೆ ಮತ್ತೆ ನನ್ನ ಅಂಗಡಿಗೆ ಬರಲಿಲ್ಲ.

ಅವತ್ತು ಮದುವೆ ಮನೆಯೊಂದಕ್ಕೆ ಹಲಸಿನ ಮಂಚದ ಕೆಲಸ ನಡೆದಿತ್ತು. ನಡು ಮಧ್ಯಾಹ್ನ ಕರೆಂಟು ಹೋಯಿತು. ಭಟ್ರು ನೆಂಟರ ಮನೆಗೆಂದು ಸೀತೂರಿಗೆ ಹೋಗಿದ್ದರಿಂದ ಹೋಟೆಲಿಗೆ ಬೀಗ. ಆಚಾರ್ರಿಗೆ ಕೂರಲು ಬೆಂಚಿಲ್ಲದ ಹಾಗಾಗಿ ಅಂಗಡಿಯಲ್ಲೇ ಉಳಿದರು. ಸುಮ್ಮನೆ ಕೂರುವ ಜಾಯಮಾನವಲ್ಲ. ಬ್ಲೇಡಿನ ಸಂದಿಯಲ್ಲಿ ಸಿಕ್ಕಿದ್ದ ಚೆಕ್ಕೆ ಕೀಳಲು ಕೈ ಹಾಕಿದರಂತೆ. ಯಾವಾಗಲೂ ದೂರದಿಂದ ಕರೆಯುತ್ತಿದ್ದ ಮೆಷಿನು, ಹತ್ತಿರ ಇದ್ದಾಗಲೂ ಕರೆಯುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲವೋ ಏನೋ...

ನನ್ನ ಕತ್ತರಿ ನಡುಗಿತು. ಬ್ಲೇಡಿನ ಕಿರುಚಾಟ ನಡುವೆ ಒಮ್ಮೆ ತಗ್ಗಿ ಮತ್ತೆ ಏರಿತು. ಆಚಾರ್ರ ದನಿ ಕೇಳಲಿಲ್ಲ. ನಾನು ಓಡಿಹೋಗಿ ಮೈನ್ ಎಳೆದಾಗ ಅವರು ಬಲಗೈಯನ್ನು ಹೆಗಲ ಟವಲಿನಲ್ಲಿ ಸುತ್ತಿಕೊಂಡು ಅದನ್ನೇ ನೋಡುತ್ತಾ ನಿಂತಿದ್ದರು. ಜೀಪಿನಲ್ಲಿ ಕೊಪ್ಪಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೆ ಒಯ್ದರು. ಆ ಕೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು.

ಅವರು ಆಸ್ಪತ್ರೆಯಿಂದ ಬಂದ ಮೇಲೆ ಪಾರ್ಸೆಲ್ ಬಂತು. ಸ್ವಿಚ್ಚು. ಸಹಿ ಹಾಕಲು ಅವರಿಗೆ ಕೈಯಿರಲಿಲ್ಲ, ನಾನೇ ಹಾಕಿದೆ. "ನಿನ್ನ ಹತ್ರನೇ ಇರ್ಲಿ" ಎಂದರು. ನನಗೆ ಅವತ್ತು ಅತ್ತುಬಿಡುವ ಹಾಗಾಗಿತ್ತು.

ಮೆಷಿನನ್ನು ಮುತ್ತಿನಕೊಪ್ಪದವರೊಬ್ಬರು ಗುಜರಿ ಎಂದು ಒಯ್ದರು. ಲೈನು ಕಿತ್ತದ್ದಾಯಿತು. ಆಚಾರ್ರು ಮಾತ್ರ ಬಲಗೈ ಟವಲಿನೊಳಗೆ ಇಟ್ಟುಕೊಂಡು ದಿನವೂ ಹೋಟೆಲಿನ ಬೆಂಚಿನಲ್ಲಿ ಕೂರುತ್ತಿದ್ದರು. ಕರೆಂಟು ಹೋದರೆ ಕೂತೇ ಇರುವರು. ನಂತರ ಇದ್ದಕ್ಕಿದ್ದಂತೆ ಎದ್ದು, ಬಾಗಿಲು ಹಾಕಿದ ತಮ್ಮ ಅಂಗಡಿಯ ಕಡೆ ತಿರುಗಿ ನಿಲ್ಲುವರು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಬಲ್ಬು ಹತ್ತುವುದು.

ಮೊದಮೊದಲು ಕಾಕತಾಳೀಯ ಎಂದುಕೊಂಡೆವು. ಬರಬರುತ್ತಾ ಆಚಾರ್ರು ಎದ್ದದ್ದು ಕಂಡ ಕೂಡಲೇ ಭಟ್ರು ಮಿಕ್ಸಿ ಜಾರಿಗೆ ಚಟ್ನಿಯ ಕಾಯಿ ತುಂಬತೊಡಗಿದರು. ಒಮ್ಮೆಯೂ ತಪ್ಪಿದ್ದಿಲ್ಲ.

ತಡೆಯಲಾಗದೆ ಒಂದು ದಿನ ಕೇಳಿಯೇಬಿಟ್ಟೆ. "ಮೆಷಿನ್ನೇ ಇಲ್ವಲ್ಲ ಆಚಾರ್ರೇ, ಈಗ ಎಂತ ಕರೀತದೆ?"

ಅವರು ಟವಲಿನತ್ತ ನೋಡಿದರು. "ಮೆಷಿನ್ ಅಲ್ಲ ಮಾರಾಯ್ತಿ. ಬೆರಳು. ಹೋದ ಬೆರಳು ಜುಂ ಅಂತದೆ. ಆಮೇಲೆ ಕರೆಂಟು ಬರ್ತದೆ."

ಕಳೆದ ವರ್ಷ ಜ್ವರದಲ್ಲಿ ತೀರಿಕೊಂಡರು...

ಮೊನ್ನೆ ಈ ಪೆಟ್ಟಿಗೆ ಸಿಕ್ಕಾಗಲೂ ಕರೆಂಟಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಧೈರ್ಯ ಮಾಡಿ ಸ್ವಿಚ್ಚನ್ನು ಹೊರಗೆ ತೆಗೆದು ಹೊಲಿಗೆ ಮೆಷಿನಿನ ಮೇಲಿಟ್ಟೆ. ಒಂದು ಹಸಿರು ಗುಂಡಿ, ಒಂದು ಕೆಂಪು. ಹಸಿರನ್ನು ಒತ್ತಿದೆ, ಒಳಗೆ ನಿಲ್ಲಲಿಲ್ಲ, ಎದ್ದು ಬಂತು. ಮತ್ತೆ ಒತ್ತಿದೆ, ಮತ್ತೆ ಎದ್ದು ಬಂತು. ಕರೆಂಟಿಲ್ಲದಾಗ ಅದು ಮಾಡಬೇಕಾದದ್ದು ಇಷ್ಟೇ. ಇಷ್ಟೇ ಕೆಲಸದ ಒಂದು ವಸ್ತು ನಮ್ಮೂರಿಗೆ ತಡವಾಗಿ ಬಂತು.

ತಲೆಯೆತ್ತಿ ನೋಡಿದರೆ ಎದುರಿನ ಹೋಟೆಲಿನಲ್ಲಿ ಭಟ್ರು ಗಲ್ಲಾಪೆಟ್ಟಿಗೆಯ ಹಿಂದೆ ಸುಮ್ಮನೆ ಕೂತಿದ್ದರು. ಬೆಂಚು ಖಾಲಿ. ಅವರು ಒಮ್ಮೆ ಬೆಂಚಿನ ಕಡೆ ನೋಡಿದರು. ನೋಡಿ, ಅವಸರವಿಲ್ಲದೆ ಎದ್ದು, ಮಿಕ್ಸಿ ಜಾರಿಗೆ ಕಾಯಿ ತುಂಬಿ ಮುಚ್ಚಳ ಒತ್ತಿದರು. ನಾನು ನನಗರಿವಿಲ್ಲದೆ ಮೋಟರಿನ ಆ ಹೊಲಿಗೆ ಮೆಷಿನಿನಿಂದ ಎರಡೂ ಕೈ ಹಿಂದೆ ತೆಗೆದೆ.

ಬಲ್ಬು ಹತ್ತಿತು.

ಯಾರು ಎದ್ದದ್ದನ್ನು ನೋಡಿದಿರಿ ಎಂದು ಭಟ್ರನ್ನು ನಾನು ಕೇಳಲಿಲ್ಲ. ಕೇಳಿದ್ದರೆ ಆಚಾರ್ರು ಇಲ್ಲ ಎಂಬುದನ್ನು ನಾವಿಬ್ಬರೂ ಒಪ್ಪಿಕೊಳ್ಳಬೇಕಾಗುತ್ತಿತ್ತು.